ಹದಿನೇಳು ಚಹಾ ಮತ್ತು ಒಂದು ಗಂಟೆಯ ಶೋ: ಉಡುಪಿಯ ಸ್ಟ್ಯಾಂಡಪ್ ಕಲಾವಿದರೊಬ್ಬರ ಪ್ರಕರಣ

ಈ ಪ್ರಕರಣ ಉಡುಪಿ ಕಡೆಯ ಒಬ್ಬ ಹಾಸ್ಯ ಕಲಾವಿದರದ್ದು. ವಯಸ್ಸು ಮೂವತ್ತರ ಆಸುಪಾಸು. ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ, ಸಂಗ್ರಹ ಮಾಡುತ್ತಿದ್ದರು. ಬಿಡುವಿದ್ದ ಸಂಜೆ ಸ್ಟ್ಯಾಂಡಪ್, ಅಂದರೆ ಒಬ್ಬರೇ ಮೈಕ್ ಹಿಡಿದು ಹೇಳುವ ಹಾಸ್ಯ, ಮಾಡುತ್ತಿದ್ದರು. ಎರಡು ನಿಮಿಷದ ಒಂದು ವಿಡಿಯೊ ಅವರ ಮುಖವನ್ನು ಕರಾವಳಿಯ ಮನೆಮನೆಗೆ ತಲುಪಿಸಿತು. ಅದಾಗಿ ವರ್ಷ ತುಂಬುವ ಮೊದಲೇ ಮಂಗಳೂರಿನಲ್ಲಿ ಅವರ ಒಂದು ಗಂಟೆಯ ಶೋ ಅರ್ಧದಲ್ಲೇ ಕುಸಿಯಿತು. ಹಾಲ್ ತುಂಬಿತ್ತು. ಬಂದವರಿಗೆಲ್ಲ ಅವರ ಮೇಲೆ ಪ್ರೀತಿಯೂ ಇತ್ತು. ಹಾಗಿದ್ದೂ ಯಾಕೆ ಕುಸಿಯಿತು, ಆಮೇಲೆ ಏನು ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಂಗಳೂರಿನಲ್ಲಿ ಓಪನ್ ಮೈಕ್, ಅಂದರೆ ಹೊಸಬರೂ ಬಂದು ಮಾತು ಪರೀಕ್ಷಿಸಿ ನೋಡಬಹುದಾದ ಸಣ್ಣ ವೇದಿಕೆ, ನಡೆಸುವ ಒಂದು ಸಣ್ಣ ಗುಂಪಿನಲ್ಲಿದ್ದೇನೆ. ಅವರು ಮೊದಲ ಬಾರಿ ಮೈಕ್ ಹಿಡಿದದ್ದು ನಮ್ಮಲ್ಲೇ. ಇದನ್ನು ಬರೆಯಲು ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಎಂದಿದ್ದಾರೆ. ನಮ್ಮ ಕಡೆ ಈಗ ತುಂಬಾ ಹುಡುಗ ಹುಡುಗಿಯರು ವೇದಿಕೆಗೆ ಬರುತ್ತಿದ್ದಾರೆ. ವೈರಲ್ ಆಗೋದು ಹೇಗೆ ಅಂತ ಕೇಳುವವರೇ ಜಾಸ್ತಿ. ಆದ ಮೇಲೆ ಏನು ಅಂತ ಕೇಳುವವರು ಕಡಿಮೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪ್ರಸಿದ್ಧಿ ಈ ಕಲಾವಿದರಿಂದ ಎರಡು ಜಾಗಗಳನ್ನು ಕಿತ್ತುಕೊಂಡಿತು. ಒಂದು, ಅವರು ಜನರ ಮಾತು ಕೇಳಿಸಿಕೊಳ್ಳುತ್ತಿದ್ದ ಜಾಗ. ಇನ್ನೊಂದು, ಅವರು ಸೋಲಬಹುದಾಗಿದ್ದ ಜಾಗ. ಹಾಸ್ಯಗಾರನ ಮಾತು ಹುಟ್ಟುವುದು ಮೊದಲನೆಯದರಲ್ಲಿ, ಬೆಳೆಯುವುದು ಎರಡನೆಯದರಲ್ಲಿ.

ಪಿಗ್ಮಿ ದಾರಿ

ಪಿಗ್ಮಿ ಹುಟ್ಟಿದ್ದೇ ಉಡುಪಿಯಲ್ಲಿ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಸೇರಿ 1925ರಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸಲು ಶುರು ಮಾಡಿತು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಪದ್ಧತಿ ಮಾತ್ರ ಸಹಕಾರಿ ಸಂಘಗಳಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ಪಿಗ್ಮಿಯವರು ದಿನಾ ಅದೇ ಅಂಗಡಿಗಳಿಗೆ ಹೋಗುತ್ತಾರೆ. ಸಂಗ್ರಹದ ಮೇಲೆ ಕಮಿಷನ್. ಕೈಯಲ್ಲೊಂದು ಸಣ್ಣ ಮೆಷಿನ್, ಭುಜಕ್ಕೊಂದು ಬ್ಯಾಗ್.

ಈ ಕೆಲಸಕ್ಕಿಂತ ಒಳ್ಳೆಯ ಹಾಸ್ಯದ ಪಾಠಶಾಲೆ ನನಗೆ ಗೊತ್ತಿಲ್ಲ. ಯಾರ ವ್ಯಾಪಾರ ಇಳಿದಿದೆ, ಯಾರ ಮಗ ದುಬೈಯಿಂದ ದುಡ್ಡು ಕಳಿಸುವುದು ನಿಲ್ಲಿಸಿದ, ಯಾವ ಅಣ್ಣತಮ್ಮಂದಿರು ಒಂದೇ ಅಂಗಡಿಯಲ್ಲಿ ಕೂತು ಮಾತು ಬಿಟ್ಟಿದ್ದಾರೆ, ಎಲ್ಲವೂ ಪಿಗ್ಮಿಯವರಿಗೆ ತಿಳಿಯುತ್ತದೆ. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಎಲ್ಲ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಅವರು ಬರೆದದ್ದೆಲ್ಲ ಆ ದಾರಿಯಿಂದಲೇ ಬಂದದ್ದು.

ವೈರಲ್ ಆದ ತುಣುಕಿನ ವಿಷಯ ಇಷ್ಟು. ಪಿಗ್ಮಿ ಕಟ್ಟಲು ದುಡ್ಡಿರುವ ದಿನ ಅಂಗಡಿಯವರು ತಲೆ ಎತ್ತದೆ ನೋಟು ಚಾಚುತ್ತಾರೆ. ದುಡ್ಡಿಲ್ಲದ ದಿನ ಎದ್ದು ನಿಂತು ಸ್ವಾಗತ ಮಾಡುತ್ತಾರೆ. ಮಳೆ ಬಗ್ಗೆ ಮಾತು, ತಾಯಿಯ ಆರೋಗ್ಯ ವಿಚಾರಣೆ, ಕೊನೆಗೆ "ಚಾ ಕುಡ್ದು ಹೋಗಿ ಮಾರಾಯ್ರೆ". ಆ ಮಾತಿನ ರಾಗವನ್ನು ಅವರು ಐದಾರು ಅಂಗಡಿಯವರ ಧ್ವನಿಯಲ್ಲಿ ಹೇಳುತ್ತಿದ್ದರು. ಕೊನೆಯ ಸಾಲು: "ಆ ದಿನ ನಾನು ಹದಿನೇಳು ಚಾ ಕುಡಿದೆ. ಸಂಗ್ರಹ ಆದದ್ದು ಮುನ್ನೂರು ರೂಪಾಯಿ."

ಇದು ಒಳ್ಳೆಯ ಹಾಸ್ಯ ಅಂತ ನಾನು ಇವತ್ತೂ ಹೇಳುತ್ತೇನೆ. ಯಾರನ್ನೂ ಕೀಳು ಮಾಡುವುದಿಲ್ಲ. ಇಲ್ಲ ಅನ್ನಲು ನಾಚಿಕೊಳ್ಳುವ ನಮ್ಮ ಊರಿನ ಮರ್ಯಾದೆ ಅದರಲ್ಲಿ ಹಾಗೇ ಇದೆ. ಓಪನ್ ಮೈಕ್‌ನಲ್ಲಿ ಅದು ಒಂದೇ ಸಲಕ್ಕೆ ಹೀಗೆ ಆದದ್ದಲ್ಲ. ಮೊದಲು ಚಹಾದ ಸಾಲು ಮಧ್ಯದಲ್ಲೆಲ್ಲೋ ಇತ್ತು, ಯಾರೂ ನಗಲಿಲ್ಲ. ಸಂಗ್ರಹದ ಮೊತ್ತವನ್ನು ಕೊನೆಗೆ ತಂದ ಮೇಲೆ ಎದ್ದಿತು. ಈ ತಿದ್ದುಪಡಿಗಳೆಲ್ಲ ಆದದ್ದು ಇಪ್ಪತ್ತು ಮೂವತ್ತು ಜನರ ಎದುರು. ಅವರಲ್ಲಿ ಯಾರಿಗೂ ಇವರು ಯಾರೆಂದು ಗೊತ್ತಿರಲಿಲ್ಲ.

ಟೈಲರ್ ಅಂಗಡಿ

ವಿಡಿಯೊ ಹರಡಿದ ಮೇಲೆ ದುಡ್ಡು ಬಂತು. ಮೆಹೆಂದಿ ಕಾರ್ಯಕ್ರಮ, ಅಂಗಡಿ ಉದ್ಘಾಟನೆ, ಕ್ಲಬ್ಬಿನ ವಾರ್ಷಿಕೋತ್ಸವ. ಒಂದು ಸಂಜೆಗೆ ಸಿಕ್ಕಿದ್ದು ಪಿಗ್ಮಿಯ ಒಂದು ತಿಂಗಳ ಕಮಿಷನ್ನಿಗಿಂತ ಜಾಸ್ತಿ. ಕೆಲವು ತಿಂಗಳಲ್ಲಿ ಅವರು ಪಿಗ್ಮಿ ಬಿಟ್ಟರು. ಇದಕ್ಕೆ ಅವರನ್ನು ದೂರುವವರಿದ್ದಾರೆ. ನಾನು ದೂರುವುದಿಲ್ಲ. ಮನೆಯ ಸೂರಿಗೆ ಮಾಡಿದ ಸಾಲವಿತ್ತು, ತಂಗಿಯ ಮದುವೆ ಎದುರಿಗಿತ್ತು. ಕಲೆಗಾಗಿ ಬಡವನಾಗಿರು ಅಂತ ಹೇಳಲು ನಾವು ಯಾರು?

ನಿಜ ಹೇಳಬೇಕೆಂದರೆ ಪಿಗ್ಮಿ ಬಿಡುವ ಮೊದಲೇ ಪಿಗ್ಮಿಯ ದಾರಿ ಅವರ ಕೈತಪ್ಪಿತ್ತು. ಅಂಗಡಿಯವರು ಬದಲಾಗಿದ್ದರು. ಕೆಲವರು ಅವರು ಬರುವುದು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಕೆಲವರು ಬೇಕೆಂದೇ ತಮಾಷೆ ಮಾಡುತ್ತಿದ್ದರು, "ಇದನ್ನು ಹಾಕಿ ಮಾರಾಯ್ರೆ ನಿಮ್ಮ ವಿಡಿಯೊದಲ್ಲಿ" ಅಂತ. ಎರಡೂ ಅವರಿಗೆ ಉಪಯೋಗವಿಲ್ಲದ್ದು. ಜನ ತಮ್ಮ ಪಾಡಿಗೆ ತಾವು ಮಾತಾಡುವಾಗ ಸಿಗುವುದು ಜನ ಪ್ರದರ್ಶನಕ್ಕೆ ನಿಂತಾಗ ಸಿಗುವುದಿಲ್ಲ.

ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಒಬ್ಬ ಟೈಲರ್ ಅಕ್ಕನ ವಿಷಯ. ರವಿಕೆ ಹೊಲಿಯುವ ಸಣ್ಣ ಅಂಗಡಿ. ವರ್ಷಗಳಿಂದ ಪಿಗ್ಮಿ ಕಟ್ಟುತ್ತಿದ್ದರು. ವಿಡಿಯೊ ಹರಡಿದ ಮೇಲೆ ಒಂದು ದಿನ ಖಾತೆ ಮುಚ್ಚುತ್ತೇನೆ ಎಂದರು. ಇವರಿಗೆ ಅರ್ಥವಾಗಲಿಲ್ಲ. "ಅಕ್ಕಾ, ಅದರಲ್ಲಿ ಇರುವುದು ನೀವಲ್ಲ" ಎಂದರು. ಅವರ ಉತ್ತರ ಹೀಗಿತ್ತು: "ನಾನಲ್ಲ ಅಂತ ನನಗೆ ಗೊತ್ತುಂಟು. ಬೇರೆಯವರಿಗೆ ಗೊತ್ತಿಲ್ಲ ಅಲ್ವಾ? ನಾನು ಯಾರಿಗಾದ್ರೂ ಚಾ ಬೇಕಾ ಕೇಳಿದ್ರೆ ನಗಾಡ್ತಾರೆ, ಇವತ್ತು ದುಡ್ಡಿಲ್ಲ ಇವಳ ಹತ್ರ ಅಂತ."

ಈ ಮಾತಿಗೆ ಉತ್ತರವಿಲ್ಲ. ತುಣುಕಿನಲ್ಲಿ ಯಾರ ಹೆಸರೂ ಇರಲಿಲ್ಲ, ಯಾವ ಅಂಗಡಿಯ ಗುರುತೂ ಇರಲಿಲ್ಲ. ಮಂಗಳೂರಿನ ಓಪನ್ ಮೈಕ್‌ನಲ್ಲಿ ಅಷ್ಟು ಸಾಕಿತ್ತು. ಆದರೆ ವಿಡಿಯೊ ಅವರ ದಾರಿಯ ಪ್ರತಿ ಅಂಗಡಿಗೂ ತಲುಪಿದಾಗ ಹೆಸರಿಲ್ಲದ್ದೇ ಕಷ್ಟವಾಯಿತು. ಹೆಸರಿಲ್ಲವಾದ್ದರಿಂದ ಅದು ಎಲ್ಲರ ಮೇಲೂ ಬಿತ್ತು. ಜೊತೆಗೆ ಇನ್ನೊಂದು ವಿಷಯವಿದೆ. ಅವರು ಸುಮ್ನೆ ದಾರಿಹೋಕರಾಗಿ ಇದನ್ನೆಲ್ಲ ನೋಡಿದ್ದಲ್ಲ. ಜನ ಅವರನ್ನು ನಂಬಿ ಕೈಗೆ ದುಡ್ಡು ಕೊಡುತ್ತಿದ್ದರು. ಇವತ್ತು ಇಲ್ಲ ಅನ್ನುವ ಸಂಕಟವನ್ನೂ ಅದೇ ನಂಬಿಕೆಯಿಂದ ತೋರಿಸುತ್ತಿದ್ದರು. ಆ ಸಂಕಟ ತಮಾಷೆಯಾಗಿ ಊರೆಲ್ಲ ಸುತ್ತಿತು.

ಕಲಾವಿದರು ಮನೆಗೆ ಬಂದು ಇದನ್ನು ತಂದೆಗೆ ಹೇಳಿದರಂತೆ. ತಂದೆ ಹೆಚ್ಚು ಮಾತಿನವರಲ್ಲ. "ನಗಿಸಿದ್ದು ಸರಿ ಮಗಾ, ಒಬ್ಬರ ಖಾತೆ ಮುಚ್ಚಿತಲ್ಲ" ಅಂದರಂತೆ, ಅಷ್ಟೇ. ಮರುದಿನ ಇವರು ತಮ್ಮ ಪೇಜಿನಿಂದ ವಿಡಿಯೊ ತೆಗೆದರು. ಅದಾಗಲೇ ವಾಟ್ಸಾಪಿನಲ್ಲಿ ಅದರ ನಕಲುಗಳು ಓಡಾಡುತ್ತಿದ್ದವು. ತೆಗೆದು ಪ್ರಯೋಜನವಿಲ್ಲ ಎಂದು ನಾನು ವಾದಿಸಿದೆ. ಅವರು ಕೇಳಲಿಲ್ಲ. "ಬೇರೆಯವರು ಹಾಕಿದ್ದು ಅವರದ್ದಾಯ್ತು ಅಣ್ಣ, ನಾನು ಹಾಕಿದ್ದು ನನ್ನದು" ಎಂದರು.

ಮಂಗಳೂರಿನ ಆ ಸಂಜೆ

ಒಂದು ಗಂಟೆಯ ಶೋ ಗೊತ್ತಾಗುವ ಹೊತ್ತಿಗೆ ಅವರ ಬಳಿ ಹಳೆಯ ಇಪ್ಪತ್ತು ನಿಮಿಷದ ಮಾತು ಪಕ್ಕಾ ಇತ್ತು. ಉಳಿದ ನಲವತ್ತು ನಿಮಿಷ ಹೊಸದು. ತಂದೆಯ ಬಗ್ಗೆ ಬರೆದದ್ದು. ತಂದೆ ಹುಡುಗನಾಗಿದ್ದಾಗಲೇ ಮುಂಬೈಗೆ ಹೋಗಿ ಉಡುಪಿ ಹೋಟೆಲಿನಲ್ಲಿ ಗ್ಲಾಸು ತೊಳೆದವರು. ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಕಥೆ ಅದು. ಆದರೆ ಈ ನಲವತ್ತು ನಿಮಿಷವನ್ನು ಅವರು ಯಾವ ಸಣ್ಣ ಕೋಣೆಯಲ್ಲೂ ಪರೀಕ್ಷಿಸಿರಲಿಲ್ಲ. ಪರೀಕ್ಷಿಸಲು ಹೋದಲ್ಲೆಲ್ಲ ಜನ ಅವರನ್ನು ಗುರುತಿಸುತ್ತಿದ್ದರು, ಮೊಬೈಲ್ ಎತ್ತುತ್ತಿದ್ದರು. ಅರೆಬೆಂದ ಮಾತು ನಾಳೆ ಬೆಳಿಗ್ಗೆ ಎಲ್ಲರ ಕೈಯಲ್ಲಿರುತ್ತದೆ ಎಂಬ ಹೆದರಿಕೆಯಿಂದ ಅವರು ಹಳೆಯದನ್ನೇ ಹೇಳಿ ಇಳಿದು ಬರುತ್ತಿದ್ದರು.

ಆ ಸಂಜೆ ವೇದಿಕೆಗೆ ಬಂದ ಕೂಡಲೇ ಹಾಲ್ ಎದ್ದು ನಿಂತಿತು. ಮೊದಲ ಹತ್ತು ನಿಮಿಷ ಏನು ಹೇಳಿದರೂ ಸದ್ದು. ಆಮೇಲೆ ತಂದೆಯ ಕಥೆ ಶುರುವಾಯಿತು. ಮುಂಬೈಗೆ ಹೊರಟ ಬಸ್ಸಿನ ತನಕ ಬಂದಿತ್ತು. ಹಿಂದಿನ ಸಾಲಿನಿಂದ ಯಾರೋ ಪ್ರೀತಿಯಿಂದಲೇ ಕೂಗಿದರು, "ಚಾ ಕುಡ್ದು ಹೋಗಿ!" ಇಡೀ ಹಾಲ್ ಸಂಭ್ರಮಪಟ್ಟಿತು. ಅವರೂ ಅದೇ ರಾಗದಲ್ಲಿ ತಿರುಗಿ ಹೇಳಿದರು. ಇನ್ನೂ ದೊಡ್ಡ ಸಂಭ್ರಮ. ಅಲ್ಲಿಂದ ಬಸ್ಸಿಗೆ ಮರಳಲು ಆಗಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಂದು ಕೂಗು. ನಲವತ್ತನೇ ನಿಮಿಷದ ಹೊತ್ತಿಗೆ ಅವರು ಹೊಸದನ್ನು ಬಿಟ್ಟುಬಿಟ್ಟರು. ಪಿಗ್ಮಿಯ ತುಣುಕು ಹೇಳಿದರು. ಜನ ಅವರ ಜೊತೆಗೇ ಪ್ರತಿ ಸಾಲು ಹೇಳಿದರು. ಕೈಮುಗಿದು ಇಳಿದರು.

ಆಯೋಜಕರಿಗೆ ಇದು ಯಶಸ್ಸು. ಸೆಲ್ಫಿಗೆ ಸಾಲು ನಿಂತವರಿಗೂ ಯಶಸ್ಸು. ಕುಸಿಯಿತು ಅನ್ನುವುದು ಕಲಾವಿದರ ಲೆಕ್ಕ. ನಾನು ಅವರ ಲೆಕ್ಕವನ್ನೇ ಒಪ್ಪುತ್ತೇನೆ. ರೆಕಾರ್ಡಿಂಗ್ ಕೂತು ಕೇಳಿದೆವು. ಒಂದು ಹಾಳೆಯಲ್ಲಿ ನಿಮಿಷಗಳನ್ನು ಬರೆದು, ನಗು ಬಂದಲ್ಲಿ ಒಂದು ಗುರುತು, ಕೂಗು ಚಪ್ಪಾಳೆ ಬಂದಲ್ಲಿ ಇನ್ನೊಂದು ಗುರುತು ಹಾಕಿದೆವು. ಹಾಳೆ ತುಂಬ ಕೂಗಿನ ಗುರುತುಗಳು. ನಗುವಿನದ್ದು ಅಲ್ಲೊಂದು ಇಲ್ಲೊಂದು. ಕೊನೆಗೆ ಹೇಳಿದ ಪಿಗ್ಮಿಯ ತುಣುಕಿನಲ್ಲಿ ನಗು ಒಂದೂ ಇಲ್ಲ. ನಗು ಬರುವುದು ಮುಂದೇನು ಎಂದು ಗೊತ್ತಿಲ್ಲದಾಗ. ಗೊತ್ತಿರುವುದನ್ನು ಕಂಡಾಗ ಬರುವುದು ಸಂಭ್ರಮ. ಹಳೆಯ ಓಪನ್ ಮೈಕ್ ರೆಕಾರ್ಡಿಂಗ್ ಹಾಕಿ ಕೇಳಿದರೆ ವ್ಯತ್ಯಾಸ ಯಾರಿಗೂ ತಿಳಿಯುತ್ತದೆ. ಅಲ್ಲಿ ಮೊದಲು ಒಂದು ಕ್ಷಣ ಮೌನ, ಆಮೇಲೆ ನಗು.

ಇದು ನಮ್ಮ ಊರಿನ ಹುಡುಗನಿಗೆ ಮಾತ್ರ ಬಂದ ಕಷ್ಟವಲ್ಲ. ಅಮೆರಿಕದ ಹಾಸ್ಯ ಕಲಾವಿದ ಡೇವ್ ಶಾಪೆಲ್ 2004ರಲ್ಲಿ ಸ್ಯಾಕ್ರಮೆಂಟೊದ ಶೋದಲ್ಲಿ ಇಂಥದ್ದೇ ಕೂಗಿಗೆ ಬೇಸತ್ತು ನಡುವೆ ವೇದಿಕೆ ಬಿಟ್ಟು ಹೋಗಿದ್ದರು. ಅವರ ಟಿವಿ ಕಾರ್ಯಕ್ರಮದ ಒಂದು ಸಾಲನ್ನು ಜನ ಬಿಡದೆ ಕೂಗುತ್ತಿದ್ದರು. ಮರುವರ್ಷ ಅವರು 5 ಕೋಟಿ ಡಾಲರ್ ಒಪ್ಪಂದವಿದ್ದ ಆ ಕಾರ್ಯಕ್ರಮವನ್ನೇ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಹೊರಟುಹೋದರು. ಮುಂದೆ ಅವರ ಶೋಗಳಲ್ಲಿ ಪ್ರೇಕ್ಷಕರ ಮೊಬೈಲ್‌ಗಳನ್ನು ಬೀಗವಿರುವ ಚೀಲದಲ್ಲಿ ಹಾಕಿಸುವ ಪದ್ಧತಿ ಬಂತು. ಅದನ್ನು ಓದಿಯೇ ನಮಗೂ ಒಂದು ಉಪಾಯ ಹೊಳೆದದ್ದು.

ಕೋಡಂಗಿಯ ಹೊತ್ತು

ಅದಕ್ಕೂ ಮೊದಲು ನಮ್ಮದೇ ನೆಲದ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಯಕ್ಷಗಾನದ ತೆಂಕುತಿಟ್ಟು ಶೈಲಿಯ ಮೇಳಕ್ಕೆ ಸೇರುವ ಹುಡುಗರು ಮೊದಲು ಕಲಿಯುವವರ ಕೋಡಂಗಿ ವೇಷ ಕಟ್ಟುತ್ತಾರೆ, ಆಮೇಲೆ ಬಾಲಗೋಪಾಲ. ಮುಖ್ಯ ಪ್ರಸಂಗಕ್ಕೆ ಮೊದಲಿನ ಪೂರ್ವರಂಗದಲ್ಲಿ ಕುಣಿಯುತ್ತಾರೆ. ಆಗ ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ದೊಡ್ಡ ವೇಷದವರು ಇನ್ನೂ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಜನ ಇನ್ನೂ ಒಬ್ಬೊಬ್ಬರಾಗಿ ಬರುತ್ತಿರುತ್ತಾರೆ. ಹೆಜ್ಜೆ ತಪ್ಪಿದರೆ ದೊಡ್ಡ ಸುದ್ದಿಯಾಗುವುದಿಲ್ಲ. ತಿದ್ದಿಕೊಳ್ಳಲು ನಾಳೆ ಮತ್ತೆ ಆಟ ಇದೆ.

ಮೇಳದ ಹಾಸ್ಯಗಾರರ ದಾರಿಯೂ ಅದೇ. ಪಾಪಣ್ಣನೋ ಬಾಹುಕನೋ ದೂತನೋ, ಯಾವ ವೇಷವಾದರೂ ಮಾತು ಆಶುವಾಗಿ ಬರಬೇಕು. ದೀಪಾವಳಿ ಕಳೆದು ಹೊರಡುವ ಮೇಳ ಪತ್ತನಾಜೆಯ ತನಕ, ಅಂದರೆ ಮೇ 24ರ ಸುಮಾರಿಗೆ, ತಿರುಗುತ್ತಲೇ ಇರುತ್ತದೆ. ಇವತ್ತು ಮೂಲ್ಕಿಯಲ್ಲಿ ಏಳದ ಮಾತನ್ನು ನಾಳೆ ಬೆಳ್ಮಣ್ಣಿನಲ್ಲಿ ಬೇರೆ ಥರ ಹೇಳಿ ನೋಡಬಹುದು. ತುಳು ನಾಟಕವೂ ಹಾಗೇ ಬೆಳೆಯಿತು. ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ ವಾಮಂಜೂರು ಸಿನಿಮಾದಲ್ಲಿ ಕಾಣಿಸುವ ಮೊದಲು ಊರೂರಿನ ನಾಟಕ ವೇದಿಕೆಗಳಲ್ಲಿ ಪಳಗಿದವರು. ಜನರಿಗೆ ಅವರ ಹೆಸರು ಗೊತ್ತಾಗುವ ಹೊತ್ತಿಗೆ ಅವರ ಕೈಯಲ್ಲಿ ಗಂಟೆಗಟ್ಟಲೆ ಸರಕು ಇತ್ತು. ನಮ್ಮ ಕಲಾವಿದರ ಹೆಸರು ಗೊತ್ತಾದಾಗ ಇದ್ದದ್ದು ಇಪ್ಪತ್ತು ನಿಮಿಷ. ಅವರ ಪ್ರತಿಭೆ ಕಡಿಮೆ ಅಂತ ಅಲ್ಲ. ಅವರಿಗೆ ಕೋಡಂಗಿಯ ಹೊತ್ತು ಸಾಲಲಿಲ್ಲ.

ಹಾಗಾಗಿ ಅದನ್ನೇ ಮತ್ತೆ ಕಟ್ಟಲು ನೋಡಿದೆವು. ಮಂಗಳೂರಿನ ಬಿಜೈಯಲ್ಲಿ ಸ್ನೇಹಿತರೊಬ್ಬರು ಟ್ಯೂಷನ್ ನಡೆಸುವ ಕೋಣೆ ಇದೆ. ರಾತ್ರಿ ಖಾಲಿ. ಅಲ್ಲಿ ಮೂವತ್ತು ಕುರ್ಚಿ ಹಾಕಿದೆವು. ಪ್ರಚಾರದಲ್ಲಿ ಅವರ ಹೆಸರು ಹಾಕಲಿಲ್ಲ. ಮೊಬೈಲ್‌ಗಳನ್ನು ಬಾಗಿಲ ಬಳಿ ಬುಟ್ಟಿಯಲ್ಲಿ ಇಡಬೇಕು. ಅವರು ಚಹಾದ ಸಾಲು ಹೇಳಬಾರದು, ಕೂಗಿದರೂ ಉತ್ತರಿಸಬಾರದು. ಮೊದಲ ಮೂರು ನಿಮಿಷದ ನಗುವನ್ನು ಲೆಕ್ಕಕ್ಕೆ ಹಿಡಿಯಬಾರದು, ಅದು ಮುಖ ಕಂಡ ಖುಷಿಗೆ ಬಂದದ್ದು. ಮೂರು ನಿಮಿಷದ ನಂತರ ಜನ ಎಷ್ಟು ಪ್ರೀತಿ ಇದ್ದರೂ ಸುಮ್ನೆ ನಗುವುದಿಲ್ಲ.

ಮೊದಲ ಸಂಜೆ ಕಷ್ಟದ್ದಾಗಿತ್ತು. ಮೂರು ನಿಮಿಷ ಕಳೆದ ಮೇಲೆ ಉದ್ದಕ್ಕೆ ಮೌನ. ಮುಂಬೈ, ರಾತ್ರಿ ಶಾಲೆ, ಹೋಟೆಲಿನ ಮಾಲೀಕರು, ಯಾವುದೂ ಏಳಲಿಲ್ಲ. ನನಗೆ ಕೂರಲಾಗಲಿಲ್ಲ. ಇಳಿದು ಬಂದವರು ಮಾತ್ರ ಹಗುರವಾಗಿದ್ದರು. "ಅಣ್ಣ, ಎಷ್ಟೋ ಸಮಯದ ನಂತರ ಇವತ್ತು ಜನ ಸತ್ಯ ಹೇಳಿದರು" ಎಂದರು. ಆಮೇಲಿನ ಸಂಜೆಗಳಲ್ಲಿ ಕಥೆ ಚಿಕ್ಕದಾಗುತ್ತಾ ಬಂತು. ಮುಂಬೈಯ ವರ್ಣನೆ ಹೋಯಿತು. ತಂದೆ ಇವತ್ತಿಗೂ ಮನೆಯಲ್ಲಿ ಗ್ಲಾಸು ಎತ್ತುವಾಗ ಐದು ಬೆರಳಲ್ಲಿ ಐದು ಗ್ಲಾಸು ಎತ್ತುತ್ತಾರೆ ಎಂಬಲ್ಲಿಂದ ಶುರು ಮಾಡಿದರು. ಅಲ್ಲಿ ನಗು ಬಂತು, ತಾನಾಗಿ.

ಈ ಸಲ ತಂದೆಗೆ ಮೊದಲೇ ಎಲ್ಲವನ್ನೂ ಓದಿ ಹೇಳಿದ್ದರು. ಟೈಲರ್ ಅಕ್ಕನ ವಿಷಯ ಆದ ಮೇಲೆ ಅವರು ಮಾಡಿಕೊಂಡ ನಿಯಮ ಅದು. ತನ್ನನ್ನು ನಂಬಿದವರ ಕಷ್ಟವನ್ನು ಅವರ ಒಪ್ಪಿಗೆ ಇಲ್ಲದೆ ವೇದಿಕೆಗೆ ತರುವುದಿಲ್ಲ. ತಂದೆ ಒಂದೇ ತಿದ್ದುಪಡಿ ಹೇಳಿದರಂತೆ, ಒಡೆದ ಗ್ಲಾಸು ಮೂರಲ್ಲ, ಐದು.

ಕೇಳಿಸಿಕೊಳ್ಳುವ ಜಾಗವನ್ನು ಮರಳಿ ಪಡೆಯುವುದು ಇನ್ನೂ ಕಷ್ಟವಾಯಿತು. ಸಂತೆಗೆ ಹೋದರೆ, ಬಸ್ ಹತ್ತಿದರೆ ಜನ ಗುರುತಿಸುತ್ತಾರೆ. ಕೊನೆಗೆ ದಾರಿ ಸಿಕ್ಕಿದ್ದು ಅವರ ಊರಿನ ದೇವಸ್ಥಾನದ ಜಾತ್ರೆಯಲ್ಲಿ, ಬಡಿಸುವವರ ಸಾಲಿನಲ್ಲಿ. ಸಾರಿನ ಬಕೆಟ್ ಹಿಡಿದು ಬಗ್ಗಿ ನಡೆಯುವವರ ಮುಖವನ್ನು ಯಾರೂ ನೋಡುವುದಿಲ್ಲ, ಎಲ್ಲರ ಕಣ್ಣು ಎಲೆಯ ಮೇಲೆ. ಪಂಕ್ತಿಯಲ್ಲಿ ಕೂತವರು ಪಕ್ಕದವರ ಜೊತೆ ತಮ್ಮ ಮಾತು ಮುಂದುವರಿಸುತ್ತಾರೆ. ಅದಾದ ಮೇಲೆ ಎಲ್ಲಿ ಊಟ ಇದ್ದರೂ ಅವರು ಬಡಿಸಲು ಹೋಗುತ್ತಾರೆ. ಕೈಗೆ ಕೆಲಸ ಕೊಟ್ಟರೆ ಮಾತ್ರ ಜನರ ನಡುವೆ ಕರಗಲು ಸಾಧ್ಯ ಅಂತ ಅವರ ನಂಬಿಕೆ. ಪಿಗ್ಮಿಯೂ ಅಂಥದ್ದೇ ಕೆಲಸವಾಗಿತ್ತಲ್ಲ.

ಮೆಹೆಂದಿ ಕಾರ್ಯಕ್ರಮಗಳನ್ನು ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳಲಿಲ್ಲ. ಅಲ್ಲಿ ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಬೇಕು, ಅದರೊಳಗೆ ಇಪ್ಪತ್ತು ನಿಮಿಷ. ಚಹಾದ ಸಾಲು ಅಲ್ಲಿ ಇರುತ್ತದೆ. ಆದರೆ ಈಗ ಚಹಾ ಕೇಳುವುದು ಅಂಗಡಿಯವರಲ್ಲ. ಮದುವೆ ಖರ್ಚಿನ ಲೆಕ್ಕ ಕೇಳಲು ಬಂದ ಸೋದರಮಾವನಿಗೆ ಹುಡುಗಿಯ ತಂದೆ ಕೇಳುತ್ತಾರೆ. ಮದುವೆ ಮನೆಯಲ್ಲಿ ಜನ ಸಂಭ್ರಮಕ್ಕೇ ಬಂದಿರುತ್ತಾರೆ, ಅಲ್ಲಿ ಅದು ತಪ್ಪೂ ಅಲ್ಲ, ಕಡಿಮೆಯೂ ಅಲ್ಲ. ಎರಡು ಕೆಲಸಗಳನ್ನು ಬೇರೆ ಬೇರೆ ಇಟ್ಟುಕೊಂಡದ್ದೇ ಅವರು ಮಾಡಿದ ಅತ್ಯಂತ ಜಾಣ ತೀರ್ಮಾನ ಅಂತ ನನಗೆ ಅನಿಸುತ್ತದೆ.

ಟೈಲರ್ ಅಕ್ಕ ಮರಳಿ ಖಾತೆ ತೆರೆಯಲಿಲ್ಲ. ಬೇರೆ ಸಂಘದಲ್ಲಿ ಕಟ್ಟುತ್ತಿದ್ದಾರಂತೆ. ಇವರು ಒಮ್ಮೆ ಹೋಗಿ ಕ್ಷಮೆ ಕೇಳಿ ಬಂದರು. ಅವರು ಬೈಯಲಿಲ್ಲ, ಹೆಚ್ಚು ಮಾತೂ ಆಡಲಿಲ್ಲ.

ಈಗ ಅವರ ಬಳಿ ಹೊಸದಾಗಿ ಇಪ್ಪತ್ತೈದು ನಿಮಿಷದ ಮಾತು ನಿಂತಿದೆ. ಒಂದು ಗಂಟೆ ಆಗಲು ಇನ್ನೂ ಒಂದು ವರ್ಷ ಬೇಕು ಅನ್ನುತ್ತಾರೆ. ದೊಡ್ಡ ಹಾಲ್‌ನ ಒಂದು ಆಹ್ವಾನ ಬಂದಿತ್ತು, ಮುಂದೂಡಿದ್ದಾರೆ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಮದುವೆ ಇಲ್ಲ, ಮೆಹೆಂದಿಯೂ ಇಲ್ಲ. ಆ ತಿಂಗಳು ಬಿಜೈಯ ಕೋಣೆ ವಾರಕ್ಕೆ ಎರಡು ಸಂಜೆ ಬೇಕು ಎಂದು ಕೇಳಿದ್ದಾರೆ. ಟ್ಯೂಷನ್ ನಡೆಸುವ ಸ್ನೇಹಿತರು ಒಪ್ಪಿದ್ದಾರೆ.